ಮೊದಲ ಪಿಸ್ತೂಲು: ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಟೆಕ್ಸಾಸಿನಲ್ಲಿ ಮನೆ ಕೊಂಡು ನೆಲೆಯೂರಿದ ಕನ್ನಡಿಗರು ಒಂದಲ್ಲ ಒಂದು ದಿನ ನನ್ನನ್ನು ಕೇಳುತ್ತಾರೆ: ಆತ್ಮರಕ್ಷಣೆಗೆಂದು ಮೊದಲ ಪಿಸ್ತೂಲು ಕೊಳ್ಳುವುದಾದರೆ ಯಾವ ಕಂಪನಿಯದು ಒಳ್ಳೆಯದು? ಉತ್ತರ ಕೊಡುವ ಮೊದಲು ಅವರ ವೀಸಾ ಯಾವುದೆಂದು ನಾನು ಕೇಳುತ್ತೇನೆ. ಎಷ್ಟೋ ಸಲ ಮಾತು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮನೆಯಲ್ಲಿ ಯಾರ್ಯಾರಿದ್ದಾರೆ, ತಿಂಗಳಿಗೊಮ್ಮೆಯಾದರೂ ಅಭ್ಯಾಸಕ್ಕೆ ಹೋಗಲು ಬಿಡುವಿದೆಯೇ ಎಂದು ವಿಚಾರಿಸುತ್ತೇನೆ. ಕಂಪನಿಯ ಹೆಸರು ಬರುವುದು ಇವೆಲ್ಲದರ ನಂತರ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ.

ವೀಸಾದಿಂದ ಆರಂಭಿಸಿ

ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕಕ್ಕೆ ಬಂದವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಪಡೆಯುವುದನ್ನೂ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ. ನೀವಿರುವ ರಾಜ್ಯದ ಕಾನೂನು ಎಷ್ಟೇ ಸಡಿಲವಾಗಿದ್ದರೂ ಇದು ಬದಲಾಗುವುದಿಲ್ಲ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ ಹೊಂದಿದವರಿಗೆ ವಿನಾಯಿತಿ ಇದೆ. ಆದರೆ ಯಾರೋ ಹೇಳಿದರೆಂದು ಆ ವಿನಾಯಿತಿಯನ್ನು ನೆಚ್ಚಿಕೊಂಡು ಅಂಗಡಿಗೆ ಹೋಗಬೇಡಿ. ವಲಸೆ ಕಾನೂನನ್ನೂ ಬಂದೂಕಿನ ಕಾನೂನನ್ನೂ ಬಲ್ಲ ವಕೀಲರಿಗೆ ಶುಲ್ಕ ಕೊಟ್ಟು ಕೇಳಿ. ನಿಷೇಧ ಮೀರಿದರೆ 15 ವರ್ಷದವರೆಗೆ ಸೆರೆವಾಸವಾಗಬಹುದು. ಹಸಿರು ಕಾರ್ಡಿಗಾಗಿ (ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ) ಹತ್ತು ಹನ್ನೆರಡು ವರ್ಷ ಕಾದದ್ದೂ ನೀರಿನಲ್ಲಿ ಹೋಮವಾಗುತ್ತದೆ.

ಇಲ್ಲಿ ಜನ ಎಡವುವ ಜಾಗಗಳು ಎರಡಿವೆ. ಮೊದಲನೆಯದು, ಸಹೋದ್ಯೋಗಿಗಳ ಜೊತೆ ಗುರಿ ಅಭ್ಯಾಸದ ಕೇಂದ್ರಕ್ಕೆ ಹೋಗಿ ಬಾಡಿಗೆ ಪಿಸ್ತೂಲನ್ನು ಕೈಗೆತ್ತಿಕೊಳ್ಳುವುದು. ಅರ್ಧ ಗಂಟೆಯ ಮಟ್ಟಿಗಾದರೂ ಅದು ನಿಮ್ಮ ಸುಪರ್ದಿನಲ್ಲಿದ್ದಂತೆಯೇ. ಎರಡನೆಯದು, ಗಂಡ ನಾಗರಿಕ, ಹೆಂಡತಿ ಇನ್ನೂ ಎಚ್-1ಬಿ ವೀಸಾದಲ್ಲಿರುವ ಮನೆ. ಗಂಡನ ಪಿಸ್ತೂಲಿನ ಪೆಟ್ಟಿಗೆಯ ಸಂಕೇತ ಹೆಂಡತಿಗೂ ಗೊತ್ತಿದ್ದರೆ ಅದು ಆಕೆಯ ಸುಪರ್ದಿನಲ್ಲೂ ಇತ್ತೆಂದು ವಾದಿಸಲು ಅವಕಾಶವಾಗುತ್ತದೆ. ಅಂಥ ಮನೆಯಲ್ಲಿ ಹಸಿರು ಕಾರ್ಡು ಕೈಸೇರುವವರೆಗೆ ತಡೆಯುವುದೇ ಲೇಸು.

ಹಸಿರು ಕಾರ್ಡು ಇರುವವರು ಮತ್ತು ನಾಗರಿಕರು ತಾವು ವಾಸಿಸುವ ರಾಜ್ಯದಲ್ಲಿ, ಪರವಾನಗಿ ಪಡೆದ ಅಂಗಡಿಯಿಂದ ಕೊಳ್ಳಬಹುದು. ಅಂಗಡಿಯಲ್ಲಿ 4473 ಸಂಖ್ಯೆಯ ಫೆಡರಲ್ ಅರ್ಜಿ ತುಂಬಬೇಕು, ನಂತರ ಹಿನ್ನೆಲೆಯ ತಪಾಸಣೆ ನಡೆಯುತ್ತದೆ. ನಿಜವಾದ ಖರೀದಿದಾರರು ನೀವೇ ಹೌದೇ ಎಂಬ ಪ್ರಶ್ನೆ ಆ ಅರ್ಜಿಯಲ್ಲಿದೆ. ಗೆಳೆಯ ಹಣ ಕೊಟ್ಟಿದ್ದಾನೆ, ಅವನ ಪರವಾಗಿ ನಾನು ಕೊಳ್ಳುತ್ತೇನೆ ಎನ್ನುವ ಉಪಕಾರ ಇಲ್ಲಿ ಅಪರಾಧ. ಆ ಗೆಳೆಯ ತಾನೇ ಕೊಳ್ಳಲು ಅರ್ಹನಾಗಿದ್ದರೂ ಸುಳ್ಳು ಉತ್ತರ ಸುಳ್ಳೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ.

ನಿಮ್ಮ ರಾಜ್ಯ ಏನು ಹೇಳುತ್ತದೆ

ಟೆಕ್ಸಾಸಿನ ಗೆಳೆಯ ಹೇಳಿದ್ದು ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ ಅರ್ಹರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಪೊಲೀಸರ ಅನುಮತಿ ಬೇಕು, ಪಿಸ್ತೂಲಿನ ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿಯಾದ ಮ್ಯಾಗಜೀನಿನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಇರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪ್ರಮಾಣಪತ್ರ ಬೇಕು, ಹತ್ತು ದಿನ ಕಾಯಬೇಕು. ಅಂಗಡಿಗಳು ಹೊಸದಾಗಿ ಮಾರಬಹುದಾದ ಪಿಸ್ತೂಲುಗಳ ಪಟ್ಟಿಯನ್ನು ರಾಜ್ಯವೇ ಇಟ್ಟಿದೆ. ಇಲಿನಾಯ್‌ನಲ್ಲಿ ಮೊದಲು ಬಂದೂಕು ಮಾಲೀಕರ ಗುರುತಿನ ಚೀಟಿ, ಮರೆಮಾಡಿ ಒಯ್ಯಲು 16 ಗಂಟೆಯ ತರಬೇತಿ. ಹಾಗಾಗಿ ಮಾದರಿಗಳ ವಿಡಿಯೋ ನೋಡುವ ಮುನ್ನ ನಿಮ್ಮ ರಾಜ್ಯದ ಪೊಲೀಸ್ ಇಲಾಖೆಯ ಅಧಿಕೃತ ಜಾಲತಾಣ ಓದಿ. ಕಾನೂನುಗಳು ಮೇಲಿಂದ ಮೇಲೆ ಬದಲಾಗುತ್ತಿರುತ್ತವೆ. ಕೊಳ್ಳುವ ವಾರ ಮತ್ತೊಮ್ಮೆ ಓದಿ.

ಟೆಕ್ಸಾಸಿನಲ್ಲಿರುವವರಿಗೆ ನನ್ನದೊಂದು ಸಲಹೆ: ಕಡ್ಡಾಯವಲ್ಲದಿದ್ದರೂ ಪರವಾನಗಿ ಮಾಡಿಸಿಕೊಳ್ಳಿ. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಒಯ್ಯುವುದನ್ನು ಫೆಡರಲ್ ಕಾನೂನು ತಡೆಯುತ್ತದೆ, ಆ ರಾಜ್ಯದ ಪರವಾನಗಿ ಇದ್ದವರಿಗೆ ವಿನಾಯಿತಿ ಕೊಡುತ್ತದೆ. ನಮ್ಮ ಬಡಾವಣೆಗಳಲ್ಲಿ ಶಾಲೆಯೊಂದನ್ನು ಹಾದುಹೋಗದೆ ಹಾಲಿನ ಅಂಗಡಿಗೂ ಹೋಗಲಾಗುವುದಿಲ್ಲ.

ಮೊದಲ ಖರ್ಚು ಬೀಗದ ಪೆಟ್ಟಿಗೆ

ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ನಡುಮನೆಯ ಗೋಡೆಯ ಮೇಲಿರುತ್ತಿತ್ತು. ಮದ್ದು, ಚರೆ, ಕೇಪುಗಳು ಬೇರೆ ಪೆಟ್ಟಿಗೆಯಲ್ಲಿ, ಅದರ ಕೀಲಿ ಅಜ್ಜಿಯ ಸೆರಗಿನ ಗಂಟಿನಲ್ಲಿ. ತೋಟಕ್ಕೆ ಹಂದಿ ಬಂದ ರಾತ್ರಿ ಅಜ್ಜ ಅಜ್ಜಿಯನ್ನು ಎಬ್ಬಿಸಿ ಕೀಲಿ ಕೇಳಬೇಕಿತ್ತು. ಮದ್ದು ಗಟ್ಟಿಸಿ, ಚರೆ ಹಾಕಿ, ಕೇಪು ಕೂರಿಸುವಷ್ಟರಲ್ಲಿ ಒಂದೆರಡು ನಿಮಿಷ ಕಳೆಯುತ್ತಿತ್ತು. ಆ ವಿಳಂಬವೇ ಮಕ್ಕಳಿಗೆ ಕಾವಲಾಗಿತ್ತು. ಇಂದಿನ ಪಿಸ್ತೂಲಿನಲ್ಲಿ ಅಂಥ ವಿಳಂಬವಿಲ್ಲ. ಮೂರು ವರ್ಷದ ಮಗು ಎರಡೂ ಹೆಬ್ಬೆರಳಿನಿಂದ ಕುದುರೆಯನ್ನು (ಟ್ರಿಗರ್) ಒತ್ತಿದರೆ ಗುಂಡು ಹಾರುತ್ತದೆ.

ಆದ್ದರಿಂದ ಪಿಸ್ತೂಲಿಗೆ ಮುಂಚೆ, ಕತ್ತಲಲ್ಲೂ ಗುಂಡಿಗಳನ್ನು ತಡವಿ ತೆರೆಯಬಹುದಾದ ಗಟ್ಟಿ ಉಕ್ಕಿನ ಪೆಟ್ಟಿಗೆಯೊಂದನ್ನು ಕೊಂಡು ಮಂಚಕ್ಕೋ ಗೋಡೆಗೋ ಬೋಲ್ಟ್ ಹಾಕಿಸಿ. ಬೆರಳಚ್ಚಿನಿಂದ ಮಾತ್ರ ತೆರೆಯುವ ಅಗ್ಗದ ಪೆಟ್ಟಿಗೆಗಳು ಬೆರಳು ಒದ್ದೆಯಾದರೆ ಕೈಕೊಡುತ್ತವೆ. ಸಂಖ್ಯೆ ಒತ್ತುವ ಸೌಲಭ್ಯವೂ ಇರಲಿ. ದಿಂಬಿನ ಕೆಳಗೆ, ಬೀರುವಿನ ಮೇಲೆ, ಬಟ್ಟೆಗಳ ನಡುವೆ ಇಡುವುದು ಬಚ್ಚಿಡುವುದಾಯಿತೇ ಹೊರತು ಭದ್ರಪಡಿಸುವುದಾಗಲಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮ ಆರು ತಿಂಗಳು ಇದ್ದು ಹೋಗುವ ಮನೆ ನಮ್ಮದು. ಅವರು ಎಲ್ಲ ಬೀರುಗಳನ್ನೂ ಒಪ್ಪ ಮಾಡುತ್ತಾರೆ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ, ಹದಿಹರೆಯದ ಮಗ ಅಥವಾ ಮಗಳು ಮಾತು ಬಿಟ್ಟು ಕೋಣೆ ಸೇರಿದ್ದರೆ, ಕೆಲಸ ಕಳೆದುಕೊಂಡು ನಿಮ್ಮ ಮನಸ್ಸೇ ಕುಗ್ಗಿದ್ದರೆ, ಈಗ ಕೊಳ್ಳಬೇಡಿ. ಈಗಾಗಲೇ ಇದ್ದರೆ ಕಾನೂನಿಗೆ ಅನುಗುಣವಾಗಿ ಅದನ್ನು ಸ್ವಲ್ಪ ಕಾಲ ಮನೆಯಿಂದ ಹೊರಗಿಡುವ ದಾರಿ ಹುಡುಕಿ. ಆತ್ಮಹತ್ಯೆ ತಡೆಯುವ ಸಹಾಯವಾಣಿಯಾದ 988 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಮಾತನಾಡಬಹುದು. ಇದಕ್ಕಿಂತ ಮುಖ್ಯವಾದ ಮಾತು ಈ ಬರಹದಲ್ಲಿಲ್ಲ.

ಕಲಿಕೆ ಮೊದಲು, ಖರೀದಿ ಆಮೇಲೆ

ಕೊಡಗಿನವರು, ಮಲೆನಾಡಿನವರು ಕೋವಿಯನ್ನು ನೋಡಿಯೇ ಬೆಳೆದವರು. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜಿಸಿದವರಿಗೆ ಪಿಸ್ತೂಲು ಏನು ಮಹಾ ಎನಿಸಬಹುದು. ಆದರೆ ಉದ್ದನೆಯ ಕೋವಿಯ ಅನುಭವ ಇಲ್ಲಿ ಅರ್ಧದಷ್ಟೂ ನೆರವಾಗುವುದಿಲ್ಲ. ಕೋವಿಗೆ ಭುಜದ ಆಸರೆಯಿದೆ, ಅದರ ಬಾಯಿ ನಿಮ್ಮಿಂದ ದೂರವಿದೆ. ಪಿಸ್ತೂಲಿನ ನಳಿಗೆ ನಾಲ್ಕಂಗುಲ. ಮಣಿಕಟ್ಟು ಸ್ವಲ್ಪ ತಿರುಗಿದರೆ ಅದು ಪಕ್ಕದವರ ಎದೆಗೋ ನಿಮ್ಮದೇ ಎಡಗೈಗೋ ಗುರಿಯಾಗಿರುತ್ತದೆ.

ಪಿಸ್ತೂಲಿನ ಮೂಲ ತರಗತಿಗೆ ಸೇರಿ. ಅಮೆರಿಕದ ತರಬೇತುದಾರ ಜೆಫ್ ಕೂಪರ್ ಜನಪ್ರಿಯಗೊಳಿಸಿದ ನಾಲ್ಕು ನಿಯಮಗಳನ್ನು ಅಲ್ಲಿ ಮೊದಲ ಗಂಟೆಯಲ್ಲೇ ಹೇಳಿಕೊಡುತ್ತಾರೆ: ಪ್ರತಿ ಬಂದೂಕನ್ನೂ ಗುಂಡು ತುಂಬಿದೆಯೆಂದೇ ಭಾವಿಸು, ನಾಶಮಾಡಲು ಸಿದ್ಧನಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡ, ಗುರಿ ಕೂಡಿ ಬರುವವರೆಗೆ ಬೆರಳು ಕುದುರೆಯಿಂದ ಹೊರಗಿರಲಿ, ಗುರಿ ಏನು, ಅದರ ಹಿಂದೆ ಏನಿದೆ ಎಂಬುದು ತಿಳಿದಿರಲಿ. ಒಂದು ನಿಯಮ ತಪ್ಪಿದರೂ ಉಳಿದವು ಪ್ರಾಣ ಕಾಪಾಡುತ್ತವೆ.

ಹಾಗೆಯೇ ಪಿಸ್ತೂಲು ಖಾಲಿ ಮಾಡುವ ಕ್ರಮ. ಮೊದಲು ಮ್ಯಾಗಜೀನ್ ಹೊರಗೆ ತೆಗೆಯಬೇಕು, ನಂತರ ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಭಾಗವಾದ ಸ್ಲೈಡನ್ನು ಹಿಂದಕ್ಕೆಳೆದು ನಳಿಗೆಯೊಳಗಿನ ಗುಂಡನ್ನು ಬೀಳಿಸಬೇಕು, ಆಮೇಲೆ ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಕ್ರಮ ತಿರುಗುಮುರುಗಾದರೆ ಸ್ಲೈಡ್ ಮರಳುವಾಗ ಮ್ಯಾಗಜೀನಿನಿಂದ ಮತ್ತೊಂದು ಗುಂಡು ಒಳಸೇರುತ್ತದೆ, ಮ್ಯಾಗಜೀನ್ ತೆಗೆದ ಮೇಲೂ ಅದು ಅಲ್ಲೇ ಇರುತ್ತದೆ. ಖಾಲಿಯಿದೆಯೆಂದು ನಂಬಿದ ಪಿಸ್ತೂಲು ಸಿಡಿಯುವುದು ಬಹುಮಟ್ಟಿಗೆ ಹೀಗೆಯೇ.

ಕೈಗೆ ಹೊಂದುವುದು ಯಾವುದು

ಗುರಿ ಅಭ್ಯಾಸದ ಕೇಂದ್ರಗಳಲ್ಲಿ ಬಾಡಿಗೆಗೆ ಹತ್ತಾರು ಮಾದರಿಗಳು ಸಿಗುತ್ತವೆ. ಕನಿಷ್ಠ ನಾಲ್ಕನ್ನು ಹಾರಿಸಿ ನೋಡದೆ ಯಾವುದನ್ನೂ ಕೊಳ್ಳಬೇಡಿ. ಕಿವಿಗೆ ಎರಡು ಪದರದ ರಕ್ಷಣೆ ಇರಲಿ: ಒಳಗೆ ಬೆಣೆ, ಮೇಲೆ ಕವಚ. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟುತ್ತದೆ. ಹೊರಬಂದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ, ಮದ್ದಿನ ಧೂಳಿನಲ್ಲಿ ಸೀಸವಿರುತ್ತದೆ.

ಮೊದಲು ನೋಡಬೇಕಾದದ್ದು ಹಿಡಿತ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಕೆಯ ತುತ್ತತುದಿಗೆ ಕೂರಬೇಕು. ನಳಿಗೆ ಮುಂಗೈಯ ನೇರಕ್ಕಿರುವಾಗಲೇ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಕುದುರೆಯ ಮೇಲೆ ಸಲೀಸಾಗಿ ಬರಬೇಕು. ಬೆರಳು ತಲುಪಿಸಲು ಹಿಡಿತವನ್ನೇ ತಿರುಗಿಸಬೇಕಾದರೆ ಅದು ನಿಮಗೆ ದೊಡ್ಡದು. ಹಲವು ಮಾದರಿಗಳ ಜೊತೆ ಹಿಡಿಕೆಯ ಹಿಂಬದಿಗೆ ಬೇರೆ ಬೇರೆ ಅಳತೆಯ ಪಟ್ಟಿಗಳು ಬರುತ್ತವೆ. ಅವನ್ನು ಹಾಕಿ ನೋಡಿ.

ಎರಡನೆಯದು ಸ್ಲೈಡ್. ಅದನ್ನು ಎಳೆಯಲು ಶಕ್ತಿ ಸಾಲದೆಂದು ಅನೇಕರು, ಅದರಲ್ಲೂ ಹೆಂಗಸರು, ಮೊದಲ ದಿನವೇ ಕೈಚೆಲ್ಲುತ್ತಾರೆ. ಬಹಳಷ್ಟು ಸಲ ಕೊರತೆಯಿರುವುದು ವಿಧಾನದಲ್ಲಿ. ಪಿಸ್ತೂಲನ್ನು ಎದೆಯ ಹತ್ತಿರಕ್ಕೆ ತಂದು, ನಳಿಗೆಯನ್ನು ಗುರಿಯ ದಿಕ್ಕಿಗೇ ಇಟ್ಟು, ಎಡ ಅಂಗೈಯಿಂದ ಸ್ಲೈಡನ್ನು ಮೇಲಿನಿಂದ ಬಿಗಿಯಾಗಿ ಹಿಡಿದು, ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳಿ. ಹಾಗೆ ಮಾಡಿಯೂ ಆಗದಿದ್ದರೆ ಸ್ಮಿತ್ ಆಂಡ್ ವೆಸನ್ನಿನ ಶೀಲ್ಡ್ ಈಜಿಯಂತೆ ಸುಲಭವಾಗಿ ಸರಿಯುವ ಸ್ಲೈಡ್ ಇರುವ ಮಾದರಿಗಳಿವೆ.

ಮೂರನೆಯದು ಗಾತ್ರ. ಇಲ್ಲಿ ನಾನು ತಪ್ಪಿದ್ದೆ. ಜೇಬಿನಲ್ಲಿ ಕಾಣದಷ್ಟು ಪುಟ್ಟ ಪಿಸ್ತೂಲೊಂದನ್ನು ಹಾರಿಸಿ ನೋಡದೆ ಕೊಂಡೆ. ಚಿಕ್ಕದು, ಹಗುರವಾದದ್ದು, ಹೊಸಬರಿಗೆ ಹಿತ ಎಂದುಕೊಂಡಿದ್ದೆ. ನಡೆದದ್ದು ತಿರುವುಮುರುವು. ಹಗುರವಾದಷ್ಟೂ ಹಿಮ್ಮೊಗದ ಒದೆತ ಹೆಚ್ಚು, ಹಿಡಿಕೆ ಗಿಡ್ಡವಾದಷ್ಟೂ ಹಿಡಿತ ಸಡಿಲ. ಐವತ್ತು ಗುಂಡು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಕೆಂಪಾಗಿತ್ತು. ಆಮೇಲೆ ಅಭ್ಯಾಸಕ್ಕೆ ಹೋಗಲು ನೆಪಗಳನ್ನು ಹುಡುಕತೊಡಗಿದೆ. ಅಭ್ಯಾಸವೇ ಇಲ್ಲದ ಆಯುಧವನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಂಡದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ಹಾಗಾಗಿ ಮೊದಲನೆಯದಕ್ಕೆ ನಾನು ಹೇಳುವುದು ಮಧ್ಯಮ ಗಾತ್ರ. ಗ್ಲಾಕ್ 19 ಇದಕ್ಕೊಂದು ಅಳತೆಗೋಲು: ನಾಲ್ಕಂಗುಲದ ನಳಿಗೆ, ಹದಿನೈದು ಗುಂಡಿನ ಮ್ಯಾಗಜೀನ್, ಮ್ಯಾಗಜೀನ್ ಇಲ್ಲದಾಗ ಸುಮಾರು 600 ಗ್ರಾಂ ತೂಕ. ಅಭ್ಯಾಸಕ್ಕೆ ಹಿತವಾಗುವಷ್ಟು ದೊಡ್ಡದು, ಅಂಗಿಯ ಕೆಳಗೆ ಮರೆಯಾಗುವಷ್ಟು ಚಿಕ್ಕದು. ಸ್ಮಿತ್ ಆಂಡ್ ವೆಸನ್ನಿನ ಎಂ ಆಂಡ್ ಪಿ 2.0 ಕಾಂಪ್ಯಾಕ್ಟ್ ಕೂಡ ಇದೇ ವರ್ಗದ್ದು. ತೆಳ್ಳನೆಯ ಮೈಕಟ್ಟಿನವರಿಗೆ ಅದೂ ದೊಡ್ಡದೆನಿಸಿದರೆ 2018ರಲ್ಲಿ ಬಂದ ಸಿಗ್ ಪಿ365 ಅಥವಾ ಗ್ಲಾಕ್ 43ಎಕ್ಸ್ ಹಿಡಿದು ನೋಡಬಹುದು. ಅವುಗಳಿಗಿಂತ ಕೆಳಗಿನ ಅಳತೆಗೆ ಮೊದಲನೆಯದರಲ್ಲೇ ಇಳಿಯಬೇಡಿ.

ಹೊಸಬರಿಗೆ, ಮುಖ್ಯವಾಗಿ ಹೆಂಗಸರಿಗೆ, ಅಂಗಡಿಯವರು ಸಾಮಾನ್ಯವಾಗಿ ಐದು ಗುಂಡಿನ ಪುಟ್ಟ ರಿವಾಲ್ವರನ್ನು ಮುಂದಿಡುತ್ತಾರೆ. ರಿವಾಲ್ವರಿನಲ್ಲಿ ಸ್ಲೈಡ್ ಎಳೆಯುವ ಗೋಜಿಲ್ಲ, ಗುಂಡು ಇದೆಯೋ ಇಲ್ಲವೋ ಒಮ್ಮೆ ತೆರೆದರೆ ಕಾಣುತ್ತದೆ ಎಂಬುದು ನಿಜ. ಆದರೆ ಅದರ ಕುದುರೆ ಉದ್ದಕ್ಕೂ ಬಿಗಿ. ಎಳೆಯುವಾಗ ಗುರಿ ಅಲುಗುತ್ತದೆ. ಹಗುರ ರಿವಾಲ್ವರಿನ ಒದೆತವೂ ಕಟು. ಸಂಧಿವಾತದಿಂದ ಸ್ಲೈಡ್ ಎಳೆಯಲಾಗದವರಿಗೆ ಸ್ವಲ್ಪ ಭಾರದ ಉಕ್ಕಿನ ರಿವಾಲ್ವರ್ ಒಳ್ಳೆಯದು. ನನ್ನ ಹೆಂಡತಿ ಆರು ಮಾದರಿಗಳನ್ನು ಹಾರಿಸಿ ತಾನೇ ಆರಿಸಿಕೊಂಡಳು. ಅಂಗಡಿಯವರು ತೋರಿಸಿದ್ದನ್ನೂ ನಾನು ಹೇಳಿದ್ದನ್ನೂ ಬಿಟ್ಟಳು. ಅವಳ ಗುರಿ ನನ್ನದಕ್ಕಿಂತ ಚೆನ್ನಾಗಿದೆ.

ಯಾವ ಗುಂಡು

ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ, 9 ಎಂಎಂ ಸಾಕು. ಒದೆತ ಹದವಾಗಿದೆ, ಎಲ್ಲೆಡೆ ಸಿಗುತ್ತದೆ, ಅಭ್ಯಾಸದ ಗುಂಡು ಅಗ್ಗ. ದೊಡ್ಡ ಗುಂಡುಗಳ ಕಡೆಗೆ ಹೋಗಿದ್ದ ಎಫ್‌ಬಿಐ ಕೂಡ ಮತ್ತೆ 9 ಎಂಎಂಗೆ ಮರಳಿದೆ. ಅಭ್ಯಾಸಕ್ಕೆ ಪೂರ್ಣ ಕವಚದ ಸಾಮಾನ್ಯ ಗುಂಡು, ಜೊತೆಯಲ್ಲಿ ಒಯ್ಯಲು ತುದಿಯಲ್ಲಿ ಕುಳಿಯಿರುವ ಗುಂಡು. ಕುಳಿಯ ಗುಂಡು ತಗಲಿದಾಗ ಅರಳಿ ನಿಲ್ಲುವ ಸಂಭವ ಹೆಚ್ಚು, ಗುರಿಯನ್ನು ತೂರಿ ಹಿಂದಿರುವ ಅಮಾಯಕರಿಗೆ ತಗಲುವ ಅಪಾಯ ಕಡಿಮೆ. ಇಲ್ಲಿನ ಮನೆಯೊಳಗಿನ ಗೋಡೆಗಳು ಜಿಪ್ಸಮ್ ಹಲಗೆಯವು, ಯಾವ ಗುಂಡನ್ನೂ ತಡೆಯುವುದಿಲ್ಲ. ಮಕ್ಕಳ ಕೋಣೆ ಯಾವ ದಿಕ್ಕಿಗಿದೆ ಎಂದು ಮನೆಯಲ್ಲಿ ನಿಂತು ಒಮ್ಮೆ ಯೋಚಿಸಿ. ನ್ಯೂಜೆರ್ಸಿಯಲ್ಲಿ ಕುಳಿಯ ಗುಂಡನ್ನು ಹೊರಗೆ ಒಯ್ಯುವುದಕ್ಕೆ ನಿರ್ಬಂಧವಿದೆ. ಅಲ್ಲಿನವರು ತಿಳಿದುಕೊಂಡೇ ಮುಂದುವರಿಯಬೇಕು.

ಹೋಲ್‌ಸ್ಟರ್ ಮತ್ತು ಉಡುಪು

ಪಿಸ್ತೂಲಿಗೆ ಐನೂರು ಡಾಲರ್ ಕೊಟ್ಟವರು, ಅದನ್ನು ಸೊಂಟದಲ್ಲಿ ಇಟ್ಟುಕೊಳ್ಳುವ ಒರೆಯಾದ ಹೋಲ್‌ಸ್ಟರಿಗೆ ಹದಿನೈದು ಡಾಲರಿನ ಬಟ್ಟೆಯ ಚೀಲ ಕೊಳ್ಳುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಹೋಲ್‌ಸ್ಟರ್ ನಿಮ್ಮ ಮಾದರಿಗೆಂದೇ ಅಚ್ಚು ಹಾಕಿದ ಗಟ್ಟಿ ಪ್ಲಾಸ್ಟಿಕ್ಕಿನದೋ ದಪ್ಪ ಚರ್ಮದ್ದೋ ಆಗಿರಬೇಕು, ಕುದುರೆಯ ಸುತ್ತಲನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲು ತೆಗೆದ ಮೇಲೂ ಬಾಯಿ ಮುದುಡದೆ ತೆರೆದಿರಬೇಕು. ಜೊತೆಗೆ ಬಿರುಸಾದ ಅಗಲ ಬೆಲ್ಟು. ಮರಳಿ ಒಳಗಿಡುವ ಕ್ಷಣವೇ ಎಲ್ಲಕ್ಕಿಂತ ಅಪಾಯದ್ದು: ಅಂಗಿಯ ಅಂಚು ಸಿಕ್ಕಿಕೊಂಡು ಕುದುರೆಯನ್ನು ಒತ್ತಬಹುದು. ಅವಸರಕ್ಕೆ ಕಾರಣವೇ ಇಲ್ಲ. ಬಟ್ಟೆ ಸರಿಸಿ, ಕಣ್ಣಿನಿಂದ ನೋಡಿ, ನಿಧಾನವಾಗಿ ಇಳಿಸಿ.

ಸೀರೆ, ಚೂಡಿದಾರಗಳಿಗೆ ಬೆಲ್ಟಿನ ಆಧಾರವಿಲ್ಲ. ಹೊಟ್ಟೆಗೆ ಸುತ್ತುವ ಅಗಲ ಪಟ್ಟಿಗಳು ಸಿಗುತ್ತವೆ, ಕುದುರೆಯನ್ನು ಮುಚ್ಚುವ ಗಟ್ಟಿ ಕವಚ ಅದರೊಳಗಿದ್ದರೆ ಮಾತ್ರ ಕೊಳ್ಳಿ. ಕೈಚೀಲದಲ್ಲಿ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ. ಚೀಲವನ್ನು ಕುರ್ಚಿಯ ಮೇಲಿಟ್ಟು ಪ್ರಸಾದಕ್ಕೆ ಎದ್ದು ಹೋಗುತ್ತೇವೆ, ಬಿಸ್ಕತ್ತಿಗಾಗಿ ಮಕ್ಕಳು ಅದರೊಳಗೆ ಕೈ ಹಾಕುತ್ತಾರೆ. ಉಡುಪಿಗೆ ಹೊಂದದ ದಿನ ಮನೆಯ ಪೆಟ್ಟಿಗೆಯಲ್ಲೇ ಬಿಟ್ಟು ಹೋಗುವುದು ಸರಿ. ದೇವಸ್ಥಾನಕ್ಕೆ ಹೋಗುವ ದಿನ ನಾನು ಒಯ್ಯುವುದೇ ಇಲ್ಲ.

ಕೊಂಡ ಮೇಲೆ

ಹೊಸ ಪಿಸ್ತೂಲನ್ನು ಕೂಡಲೇ ಸೊಂಟಕ್ಕೆ ಸೇರಿಸಬೇಡಿ. ಸುಮಾರು ಇನ್ನೂರು ಅಭ್ಯಾಸದ ಗುಂಡುಗಳನ್ನೂ, ನೀವು ಒಯ್ಯಲಿರುವ ಕುಳಿಯ ಗುಂಡುಗಳಲ್ಲಿ ಒಂದು ಪೆಟ್ಟಿಗೆಯನ್ನೂ ಅದು ಮೊದಲು ತಡೆಯಿಲ್ಲದೆ ಹಾರಿಸಲಿ. ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ದಿನಕ್ಕೆ ಹತ್ತು ನಿಮಿಷ ಕುದುರೆ ಎಳೆಯುವ ಅಭ್ಯಾಸ ಮಾಡಬಹುದು, ಆದರೆ ಆ ಕೋಣೆಯಲ್ಲಿ ಒಂದೇ ಒಂದು ಗುಂಡೂ ಇರಕೂಡದು. ದಿನವೂ ಅದೇ ಗುಂಡನ್ನು ತೆಗೆದು ತುಂಬುತ್ತಿದ್ದರೆ ಅದರ ತುದಿ ಒಳಕ್ಕೆ ಸರಿದು ಹಾರಿಸುವಾಗ ಒತ್ತಡ ಮಿತಿಮೀರಬಹುದು. ಹೊಸ ಗುಂಡಿನ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ, ಗಿಡ್ಡವಾಗಿದ್ದರೆ ಬಳಸಬೇಡಿ.

ಕಾರಿನಲ್ಲಿ ಬಿಟ್ಟು ಹೋಗುವ ಅಭ್ಯಾಸ ಮಾಡಿಕೊಳ್ಳಬೇಡಿ. ಕಳ್ಳರು ಮೊದಲು ತಡಕುವುದೇ ಕೈಪೆಟ್ಟಿಗೆಯನ್ನು. ಬಿಡಲೇಬೇಕಾದಾಗ ಸೀಟಿನ ಚೌಕಟ್ಟಿಗೆ ಉಕ್ಕಿನ ತಂತಿಯಿಂದ ಬಿಗಿದ ಬೀಗದ ಪೆಟ್ಟಿಗೆ ಇರಲಿ. ಶಾಲೆ, ನ್ಯಾಯಾಲಯ, ವಿಮಾನ ನಿಲ್ದಾಣದ ತಪಾಸಣೆಯ ಒಳಭಾಗಕ್ಕೆ ಒಯ್ಯುವಂತಿಲ್ಲ. ಟೆಕ್ಸಾಸಿನ ಬಾರುಗಳ ಬಾಗಿಲಲ್ಲಿ ಕೆಂಪು ಅಕ್ಷರದಲ್ಲಿ 51 ಶೇಕಡಾ ಎಂಬ ಫಲಕ ಕಂಡರೆ ಅಲ್ಲಿಗೂ ಇಲ್ಲ. ಮದ್ಯ ಕುಡಿಯುವ ಸಂಜೆ ಆಯುಧ ಮನೆಯಲ್ಲಿರಲಿ. ಪೊಲೀಸರು ಕಾರು ತಡೆದರೆ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ಪರವಾನಗಿ ಇದೆ, ಆಯುಧ ಇಂಥ ಕಡೆ ಇದೆ ಎಂದು ಶಾಂತವಾಗಿ ಹೇಳಿ, ಅವರು ಹೇಳುವವರೆಗೆ ಕೈ ಅಲುಗಿಸಬೇಡಿ.

ಹಾರಿಸುವ ಹಕ್ಕು ಬಹಳ ಕಿರಿದು. ನಿಮ್ಮ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಆ ಕ್ಷಣವೇ ಕುತ್ತು ಬಂದು, ಬೇರೆ ದಾರಿಯಿಲ್ಲದಾಗ ಮಾತ್ರ ಎಂದು ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳಿ. ರಾಜ್ಯದ ಕಾನೂನು ಅದಕ್ಕಿಂತ ಸಡಿಲವಾಗಿದ್ದರೂ ನಿಮ್ಮ ಗೆರೆ ಅಲ್ಲೇ ಇರಲಿ. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಮನೆಯ ಹೊರಗೆ ಸುರಕ್ಷಿತವಾಗಿ ಹಿಂದೆ ಸರಿಯಲು ಸಾಧ್ಯವಿದ್ದರೆ ಸರಿಯಲೇಬೇಕೆಂದು ಕಾನೂನೇ ಹೇಳುತ್ತದೆ. ರಸ್ತೆಯಲ್ಲಿ ಬೈದವನಿಗೆ, ಕಾರು ಅಡ್ಡ ತಂದವನಿಗೆ, ಓಡಿಹೋಗುತ್ತಿರುವ ಕಳ್ಳನಿಗೆ ಪಿಸ್ತೂಲು ಉತ್ತರವಲ್ಲ. ಸೊಂಟದಲ್ಲಿ ಆಯುಧವಿರುವ ದಿನ ಮೊದಲು ಕ್ಷಮೆ ಕೇಳಿ ದಾರಿ ಬಿಡಬೇಕಾದವರು ನೀವು.

ಊರಿಗೆ ಹೊರಡುವಾಗ

ಪಿಸ್ತೂಲನ್ನು ಭಾರತಕ್ಕೆ ಒಯ್ಯಬೇಕೆಂದು ಯಾರೂ ಯೋಚಿಸುವುದಿಲ್ಲ. ತೊಂದರೆ ಬರುವುದು ಮರೆತುಹೋದ ಒಂದು ಗುಂಡಿನಿಂದ. ಅಭ್ಯಾಸಕ್ಕೆ ಒಯ್ದಿದ್ದ ಚೀಲದ ಮೂಲೆಯಲ್ಲೋ ಜಾಕೆಟ್ಟಿನ ಒಳಜೇಬಿನಲ್ಲೋ ಉಳಿದ ಒಂದೇ ಒಂದು ಜೀವಂತ ಗುಂಡು ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಮರೆತಿದ್ದೆ ಎಂಬುದನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವವರೆಗೆ ರಜೆ ಮುಗಿದಿರುತ್ತದೆ, ಮರಳುವ ಟಿಕೆಟ್ಟಿನ ದಿನವೂ ದಾಟಿರುತ್ತದೆ.

ಅಭ್ಯಾಸಕ್ಕೆಂದು ಬೇರೆಯೇ ಬಣ್ಣದ ಚೀಲವೊಂದನ್ನು ಮೀಸಲಿಡಿ, ಅದನ್ನು ಎಂದೂ ಪ್ರಯಾಣಕ್ಕೆ ಬಳಸಬೇಡಿ. ನಮ್ಮ ಮನೆಯದು ಕಿತ್ತಳೆ ಬಣ್ಣದ್ದು, ಗ್ಯಾರೇಜಿನ ಮೊಳೆಗೆ ತೂಗುತ್ತಿರುತ್ತದೆ. ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸುಗಳನ್ನು ತುಂಬುವ ಮುನ್ನ ನಾನೂ ಹೆಂಡತಿಯೂ ಅವನ್ನು ನೆಲದ ಮೇಲೆ ಬೋರಲು ಹಾಕಿ ಕೊಡವುತ್ತೇವೆ, ಜಾಕೆಟ್ಟುಗಳ ಜೇಬುಗಳನ್ನು ಹೊರಮಗುಚಿ ತಡವುತ್ತೇವೆ. ನಾನು ನೋಡಿದ್ದನ್ನು ಅವಳು ಇನ್ನೊಮ್ಮೆ ನೋಡುತ್ತಾಳೆ.